ಬೈಲಕುಪ್ಪೆಯ ಕ್ಯಾಂಪುಗಳಲ್ಲಿ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಕರ್ನಾಟಕದ ಟಿಬೆಟನ್ ವಸಾಹತುಗಳ ಬದುಕು ಮತ್ತು ಕಲೆಯನ್ನು ಕ್ಯಾಮೆರಾದಲ್ಲಿ ಹಿಡಿಯುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿ. ಬೈಲಕುಪ್ಪೆಯ ಟಿಬೆಟನ್ನರ ಬಗ್ಗೆ ಒಂದು ವರ್ಷದ ಚಿತ್ರಸರಣಿ ಮಾಡಬೇಕೆಂದಿದ್ದೇನೆ. ಗೋಲ್ಡನ್ ಟೆಂಪಲ್ ಬಿಟ್ಟರೆ ಎಲ್ಲಿಂದ ಆರಂಭಿಸಬೇಕೆಂದು ತೋಚುತ್ತಿಲ್ಲ. ಯಾರ ಅನುಮತಿ ಪಡೆಯಬೇಕು?

ಉತ್ತರ: ಒಂದು ವರ್ಷ ಎಂದುಕೊಂಡಿರುವುದು ಒಳ್ಳೆಯ ನಿರ್ಧಾರ, ಏಕೆಂದರೆ ಈ ಸಮುದಾಯದ ಬದುಕು ಋತುವಿನಿಂದ ಋತುವಿಗೆ ಗುರುತು ಸಿಗದಷ್ಟು ಬದಲಾಗುತ್ತದೆ. ನೀವು ಹೇಳಿದ ಗೋಲ್ಡನ್ ಟೆಂಪಲ್, ಅಂದರೆ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಮೂರ್ತಿಗಳಿರುವ ಮಂದಿರ, ಉದ್ಘಾಟನೆಯಾದದ್ದು 1999ರಲ್ಲಿ. ಅದಕ್ಕಿಂತ ಸುಮಾರು ನಾಲ್ಕು ದಶಕ ಮೊದಲೇ ಜನ ಇಲ್ಲಿಗೆ ಬಂದಿದ್ದರು. 1959ರ ಮಾರ್ಚ್‌ನಲ್ಲಿ ಟಿಬೆಟ್ ರಾಜಧಾನಿ ಲಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ನಡೆದ ದಂಗೆಯ ನಂತರ ದಲಾಯಿ ಲಾಮಾ ಭಾರತಕ್ಕೆ ಬಂದಾಗ ಅವರ ಹಿಂದೆಯೇ ಸಾವಿರಾರು ಮಂದಿ ಹಿಮಾಲಯ ದಾಟಿದರು. ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. ಅಲ್ಲಿ 1961ರಲ್ಲಿ ಮೊದಲ ವಸಾಹತು ನೆಲೆಗೊಂಡಿತು, 1969ರಲ್ಲಿ ಅದರ ಪಕ್ಕದಲ್ಲೇ ಎರಡನೆಯದು ಬಂತು. ಉತ್ತರ ಕನ್ನಡದ ಮುಂಡಗೋಡದ ವಸಾಹತು 1966ರದ್ದು. ಹುಣಸೂರು ತಾಲ್ಲೂಕಿನ ಗುರುಪುರ ಮತ್ತು ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯದ ವಸಾಹತುಗಳು 1970ರ ದಶಕದಲ್ಲಿ ಬಂದವು. ಚಳಿನಾಡಿನಿಂದ ಬಂದವರು ಇಲ್ಲಿನ ಸೆಕೆಯಲ್ಲಿ ಕಾಡು ಕಡಿದು, ಆನೆಗಳ ಕಾಟದ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು. ನಿಮ್ಮ ಸರಣಿಗೆ ಬೇರು ಬೇಕಿದ್ದರೆ ಅದು ಈ ಹೊಲಗಳಲ್ಲಿದೆ.

ಆದ್ದರಿಂದ ಮಂದಿರದ ಮುಂದಿನ ಅಂಗಡಿ ಸಾಲಿನಲ್ಲಿ ನಿಲ್ಲದೆ, ಸ್ಥಳೀಯರೆಲ್ಲ ‘ಒಂದನೇ ಕ್ಯಾಂಪ್’, ‘ಎರಡನೇ ಕ್ಯಾಂಪ್’ ಎಂದು ನಂಬರಿನಿಂದಲೇ ಕರೆಯುವ ಊರುಗಳ ಒಳಗೆ ಹೋಗಿ. ಮಳೆಗಾಲದಲ್ಲಿ ಜೋಳದ ಹೊಲ, ಟ್ರ್ಯಾಕ್ಟರು, ಕೂಲಿಗೆ ಬರುವ ಅಕ್ಕಪಕ್ಕದ ಹಳ್ಳಿಗಳ ಹೆಂಗಸರು ಸಿಗುತ್ತಾರೆ. ಚಳಿಗಾಲ ಬಂದೊಡನೆ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆಂದು ದೇಶದ ನಾನಾ ಊರುಗಳಿಗೆ ಹೊರಟುಬಿಡುತ್ತವೆ. ಆಗ ಕ್ಯಾಂಪಿನ ಬೀದಿಯಲ್ಲಿ ಉಳಿಯುವವರು ಹೆಚ್ಚಾಗಿ ಹಿರಿಯರು ಮತ್ತು ಮಕ್ಕಳು. ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೋಸರ್, ಅಂದರೆ ಅವರ ಹೊಸ ವರ್ಷದ ಹೊತ್ತಿಗೆ ಮನೆಗಳು ಮತ್ತೆ ತುಂಬುತ್ತವೆ. ಖಾಲಿ ಬೀದಿಯನ್ನೂ ತುಂಬಿದ ಬೀದಿಯನ್ನೂ ಒಂದೇ ಜಾಗದಲ್ಲಿ ನಿಂತು ತೆಗೆದರೆ, ಯಾವ ವಿವರಣೆಯೂ ಹೇಳದಷ್ಟನ್ನು ಆ ಎರಡು ಚಿತ್ರಗಳು ಹೇಳುತ್ತವೆ. ಓದು ಮುಗಿಸಿದ ಯುವಕರಲ್ಲಿ ಬಹಳ ಮಂದಿ ಬೆಂಗಳೂರಿಗೆ, ಅಲ್ಲಿಂದ ಯುರೋಪು, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಅಜ್ಜಿಯೊಬ್ಬರು ಮೊಬೈಲ್ ಪರದೆಯಲ್ಲಿ ಮೊಮ್ಮಗುವಿನೊಡನೆ ಮಾತನಾಡುವ ದೃಶ್ಯ ಇಲ್ಲಿ ಪ್ರಾರ್ಥನಾ ಚಕ್ರದಷ್ಟೇ ನಿತ್ಯದ್ದು, ಹಾಗಾಗಿ ಅದಕ್ಕೂ ನಿಮ್ಮ ಸರಣಿಯಲ್ಲಿ ಜಾಗವಿರಲಿ.

ಅನುಮತಿಯ ವಿಷಯ. ಭಾರತೀಯರು ವಸಾಹತುಗಳಿಗೆ ಹೋಗಿಬರಲು ಪರವಾನಗಿ ಬೇಕಿಲ್ಲ. ನಿಮ್ಮ ಜೊತೆ ವಿದೇಶಿ ಸ್ನೇಹಿತರಿದ್ದು ಅವರು ವಸಾಹತಿನೊಳಗೆ ತಂಗುವುದಾದರೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿಯನ್ನು ಮುಂಚಿತವಾಗಿ ಪಡೆದಿರಲೇಬೇಕು. ದೀರ್ಘಕಾಲದ ಕೆಲಸವಾದ್ದರಿಂದ ನೀವು ಕಾಲೇಜಿನ ಪತ್ರದೊಂದಿಗೆ ವಸಾಹತು ಕಚೇರಿಗೆ ಹೋಗಿ ಅಧಿಕಾರಿಗಳನ್ನು ಕಂಡು ಉದ್ದೇಶ ತಿಳಿಸಿ. ಪ್ರತಿಯೊಂದು ಮಠಕ್ಕೂ ಪ್ರತ್ಯೇಕ ಕಚೇರಿ ಇದೆ, ಅಲ್ಲಿ ಬೇರೆಯಾಗಿಯೇ ಕೇಳಬೇಕು. ಮೊದಲ ಕೆಲವು ಭೇಟಿಗಳಲ್ಲಿ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ‘ತಾಶಿ ದೆಲೆಕ್’ ಎಂದು ನಮಸ್ಕರಿಸಿ ಮಾತಿಗೆ ಕುಳಿತರೆ, ವಯಸ್ಸಾದವರಲ್ಲಿ ಹಲವರು ಸಂತೆಯಲ್ಲಿ ಕಲಿತ ಕನ್ನಡದಲ್ಲೇ ಉತ್ತರಿಸುತ್ತಾರೆ. ಹಿರಿಯ ಹೆಂಗಸರನ್ನು ‘ಆಮಾ-ಲಾ’ ಎಂದೂ, ಗಂಡಸರನ್ನು ‘ಪಾ-ಲಾ’ ಎಂದೂ, ಕಲಿಸುವವರನ್ನು ‘ಗೆನ್-ಲಾ’ ಎಂದೂ ಕರೆಯುವುದು ಅವರ ಮರ್ಯಾದೆಯ ಕ್ರಮ.

ಪ್ರಶ್ನೆ: ಮಂದಿರದ ಒಳಗೆ ತೆಗೆದ ಚಿತ್ರಗಳಲ್ಲಿ ಚಿನ್ನದ ಮೂರ್ತಿ ಬಿಳಿಚಿಕೊಂಡು, ಭಿಕ್ಷುಗಳ ವಸ್ತ್ರ ಕೆಂಪು ಮುದ್ದೆಯಾಗಿ ಬರುತ್ತದೆ. ಪರಿಹಾರವೇನು? (ಹಾಸನದ ಹವ್ಯಾಸಿ ಛಾಯಾಗ್ರಾಹಕರೊಬ್ಬರು)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಕತ್ತಲೆಯ ಸಭಾಂಗಣದಲ್ಲಿ ಕ್ಯಾಮೆರಾದ ಮಾಪಕವು ಸುತ್ತಲಿನ ಕಪ್ಪನ್ನು ಕಂಡು ಬೆಳಕನ್ನು ಹೆಚ್ಚಿಸುತ್ತದೆ, ಆಗ ಹೊಳೆಯುವ ಮೂರ್ತಿಯ ವಿವರ ಹಾರಿಹೋಗುತ್ತದೆ. ಕ್ಯಾಮೆರಾ ತಾನಾಗಿ ಆರಿಸಿದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ ಇಳಿಸಿ, ನೆರಳನ್ನು ಆಮೇಲೆ ಎತ್ತಿಕೊಳ್ಳಿ. ವಸ್ತ್ರದ ಸಮಸ್ಯೆ ಹೆಚ್ಚಾಗಿ ಹೊರಗಿನ ಬಿಸಿಲಿನಲ್ಲಿ ಬರುತ್ತದೆ. ಕಡುಗೆಂಪು ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ, ಒಟ್ಟು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪು ಚಾನೆಲ್ ಮಾತ್ರ ತುದಿ ಮುಟ್ಟಿ ಮಡಿಕೆಗಳೆಲ್ಲ ಅಳಿಸಿಹೋಗಿರುತ್ತವೆ. ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ರಾ ಫೈಲಿನಲ್ಲೇ ತೆಗೆಯಿರಿ, ಕ್ಯಾಮೆರಾದಲ್ಲಿ ‘ವಿವಿಡ್’ ಬಗೆಯ ಆಯ್ಕೆ ಇಟ್ಟಿದ್ದರೆ ತೆಗೆದುಹಾಕಿ.

ಒಳಗೆ ಕಿಟಕಿಯ ಹಗಲು ಬೆಳಕು, ಟ್ಯೂಬ್‌ಲೈಟು, ಬೆಣ್ಣೆ ದೀಪ ಮೂರೂ ಒಟ್ಟಿಗೆ ಬೀಳುತ್ತವೆ. ಮೂರನ್ನೂ ಸರಿಪಡಿಸಲು ಹೋಗದೆ ಮುಖದ ಮೇಲೆ ಬಿದ್ದಿರುವ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಉಳಿದದ್ದು ಇದ್ದ ಹಾಗೆ ಇರಲಿ. ಫ್ಲ್ಯಾಷ್ ಬೇಡವೇ ಬೇಡ. ಐಎಸ್‌ಒ 1600ರಿಂದ 3200, ಅಪರ್ಚರ್ ಎಫ್ 2.8 ಇದ್ದರೆ ಕುಳಿತು ಪಠಿಸುವವರನ್ನು ಸೆಕೆಂಡಿನ 1/125ರಲ್ಲಿ ಹಿಡಿಯಬಹುದು. ಶಬ್ದವಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ.

ಪ್ರಶ್ನೆ: ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟುತ್ತ ಜಗಳವಾಡುವಂತೆ ಕಾಣುವ ದೃಶ್ಯವನ್ನು ವಿಡಿಯೊದಲ್ಲಿ ನೋಡಿದೆ. ಅದನ್ನು ಚಿತ್ರೀಕರಿಸಬಹುದೇ?

ಉತ್ತರ: ನೀವು ನೋಡಿದ್ದು ತರ್ಕಶಾಸ್ತ್ರದ ಪಾಠ. ಸೆರಾ, ಡ್ರೆಪುಂಗ್, ಗಾಂದೆನ್ ಎಂಬ ಮೂರು ದೊಡ್ಡ ವಿದ್ಯಾಮಠಗಳು ಟಿಬೆಟ್‌ನಲ್ಲಿ ಲಾಸಾ ಸುತ್ತಮುತ್ತ ಇದ್ದವು. ನಿರಾಶ್ರಿತರಾಗಿ ಬಂದ ಭಿಕ್ಷುಗಳು ಅವುಗಳನ್ನು ನಮ್ಮ ರಾಜ್ಯದಲ್ಲಿ ಮರಳಿ ಕಟ್ಟಿದರು. ಸೆರಾ ಬೈಲಕುಪ್ಪೆಯಲ್ಲಿ, ಉಳಿದೆರಡು ಮುಂಡಗೋಡದಲ್ಲಿ ಇವೆ. ಅಂಗಳದಲ್ಲಿ ಒಬ್ಬರು ನೆಲದ ಮೇಲೆ ಕುಳಿತು ಸಮರ್ಥಿಸುತ್ತಾರೆ, ಇನ್ನೊಬ್ಬರು ನಿಂತು ಪ್ರಶ್ನಿಸುತ್ತಾರೆ. ನಿಂತವರು ಪ್ರಶ್ನೆ ಮುಗಿಸುವ ಹೊತ್ತಿಗೆ ಎಡಗಾಲು ಎತ್ತಿ, ಬಲಗೈಯನ್ನು ತಲೆಯ ಮೇಲಿನಿಂದ ಬೀಸಿ, ಕಾಲು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲೇ ಎಡ ಅಂಗೈಗೆ ಹೊಡೆಯುತ್ತಾರೆ. ಜಪಮಾಲೆ ಎಡತೋಳಿನ ಮೇಲೆ ಜಾರುತ್ತದೆ, ಕುಳಿತವರು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿರುತ್ತಾರೆ. ಚಪ್ಪಾಳೆಯ ಸದ್ದು ಕೇಳಿದ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ಎಡಗಾಲು ನೆಲ ಬಿಟ್ಟೊಡನೆ ಒತ್ತಬೇಕು. ಸೆಕೆಂಡಿನ 1/500ರಲ್ಲಿ ಕೈ ಸ್ಪಷ್ಟವಾಗುತ್ತದೆ, 1/60ರಲ್ಲಿ ಕೈಯ ಬೀಸು ಮಸುಕಾಗಿ ಮುಖ ಮಾತ್ರ ನಿಲ್ಲುತ್ತದೆ. ನನಗೆ ಎರಡನೆಯದೇ ಹೆಚ್ಚು ನಿಜವೆನ್ನಿಸುತ್ತದೆ.

ಚಿತ್ರ ತೆಗೆಯಲು ಮಠದ ಕಚೇರಿಯಲ್ಲಿ ಕೇಳಿ, ಅಂಗಳದ ಅಂಚಿನಲ್ಲೇ ಕುಳಿತುಕೊಳ್ಳಿ. ಕುಳಿತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಿದರೆ ಅವರ ಯೋಚನೆಯೂ ಚಿತ್ರದಲ್ಲಿ ಬರುತ್ತದೆ. ಹೆಚ್ಚಿನವರು ಬರೀ ಬೀಸಿದ ಕೈಯನ್ನೇ ತೆಗೆಯುತ್ತಾರೆ, ಉತ್ತರ ಹುಡುಕುತ್ತಿರುವ ಮುಖ ಬಿಟ್ಟುಹೋಗುತ್ತದೆ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕ. ಥಂಕಾ ಚಿತ್ರಗಳನ್ನು ಬಣ್ಣ ಕೆಡದಂತೆ ಚಿತ್ರೀಕರಿಸುವುದು ಹೇಗೆ? ಕಲಾವಿದರು ಕೆಲಸ ಮಾಡುವಾಗ ಯಾವ ಹಂತಗಳನ್ನು ತೆಗೆಯಬೇಕು? ಆ ಚಿತ್ರಗಳನ್ನು ಪಾಠದ ಕೈಪಿಡಿಯಲ್ಲಿ ಅಚ್ಚು ಹಾಕಿಸಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದ ತೊಡಗುತ್ತೇನೆ, ಏಕೆಂದರೆ ಅರಿವೆಯ ಮೇಲೆ ಬರೆದು ತೂಗುಹಾಕುವ ಬೌದ್ಧ ಚಿತ್ರವಾದ ಥಂಕಾದ ಜೀವ ಅದು ಆಗುವ ಬಗೆಯಲ್ಲಿದೆ. ಅರಿವೆಯನ್ನು ಮೊದಲು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಹೊಲಿಯುತ್ತಾರೆ. ಚರ್ಮದಿಂದ ತೆಗೆದ ಅಂಟಿನಲ್ಲಿ ಸುಣ್ಣದ ಬಿಳಿಪುಡಿ ಕಲಸಿ ಅದರ ಎರಡೂ ಬದಿಗೆ ಬಳಿದು, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜುತ್ತಾರೆ. ಈ ಉಜ್ಜುವ ಕೈಯ ಚಿತ್ರ ತೆಗೆಯುವವರು ಬಹಳ ಕಡಿಮೆ. ಅಡ್ಡದಿಂದ ಬೀಳುವ ಕಿಟಕಿ ಬೆಳಕಿನಲ್ಲಿ ಅರಿವೆಯ ಮೇಲ್ಮೈ ಒರಟಿನಿಂದ ನುಣುಪಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ದಾರದಿಂದಲೋ ಪಟ್ಟಿಯಿಂದಲೋ ನಡುಗೆರೆ ಮತ್ತು ಅಳತೆಯ ಚೌಕಗಳು ಬೀಳುತ್ತವೆ. ಬುದ್ಧನ ಮುಖದ ಅಗಲ, ಭುಜದ ಅಂತರ, ಬೆರಳಿನ ಉದ್ದ, ಎಲ್ಲಕ್ಕೂ ಶಾಸ್ತ್ರದ ಅಳತೆ ಇದೆ. ನಮ್ಮ ಶಿಲ್ಪಿಗಳ ತಾಳಮಾನವನ್ನು ಬಲ್ಲ ನಿಮಗೆ ಈ ಹಂತದಲ್ಲಿ ಬಹಳ ಆಸಕ್ತಿ ಹುಟ್ಟೀತು.

ಬಣ್ಣ ಹಾಕುವುದು ಆಕಾಶ, ಬೆಟ್ಟ, ಮೋಡಗಳಿಂದ ಶುರುವಾಗಿ ಒಳಗೆ ಬರುತ್ತದೆ. ಸಾಂಪ್ರದಾಯಿಕ ಬಣ್ಣಗಳಲ್ಲಿ ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಕೆಂಪಿಗೆ ಇಂಗಲೀಕ ಎಂಬ ಖನಿಜಗಳನ್ನು ಅರೆದು ಅಂಟಿನೊಡನೆ ಬಳಸುತ್ತಿದ್ದರು. ಈಗ ಅನೇಕ ಕಡೆ ಅಂಗಡಿಯ ಬಣ್ಣಗಳೂ ನಡೆಯುತ್ತವೆ. ನೆರಳು-ಬೆಳಕು ತೀಡಿ, ಗೆರೆ ಎಳೆದು, ಚಿನ್ನ ಹಚ್ಚಿ ಅದನ್ನು ಕಲ್ಲಿನ ಮೊನೆಯಿಂದ ಹೊಳೆಯಿಸಿದ ಮೇಲೆ ಕೊನೆಗೆ ಕಣ್ಣು ಬರೆಯುತ್ತಾರೆ. ಕಣ್ಣು ತೆರೆಯುವ ಈ ಹಂತಕ್ಕೆ ಒಳ್ಳೆಯ ದಿನ ನೋಡುವ ಕಲಾವಿದರಿದ್ದಾರೆ, ಅಲ್ಲಿರಲು ವಿಶೇಷವಾಗಿ ಕೇಳಿಕೊಳ್ಳಬೇಕು. ಅವರು ಒಲ್ಲೆನೆಂದರೆ ಬಿಟ್ಟುಬಿಡಿ. ಚಿತ್ರ ಮುಗಿದು ಜರತಾರಿ ರೇಷ್ಮೆಯ ಅಂಚು ಹೊಲಿದ ಮೇಲೆ, ಅದರ ಹಿಂಬದಿಯನ್ನು ತೋರಿಸುವಂತೆ ವಿನಂತಿಸಿ. ಮೂರ್ತಿಯ ಹಣೆ, ಕಂಠ, ಹೃದಯಗಳಿಗೆ ಸರಿಯಾಗಿ ಹಿಂದೆ ‘ಓಂ, ಆಃ, ಹೂಂ’ ಎಂದು ಬರೆದಿರುವುದು ಕಾಣುತ್ತದೆ. ಗೋಡೆಗೆ ತೂಗಿದ ಮೇಲೆ ಯಾರಿಗೂ ಕಾಣದ ಆ ಮೂರು ಅಕ್ಷರಗಳ ಚಿತ್ರ ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಬೇಕು.

ಇನ್ನು ಮುಗಿದ ಥಂಕಾವನ್ನು ದಾಖಲಿಸುವ ಕೆಲಸ. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ, ಲೆನ್ಸಿನ ನಡು ಚಿತ್ರದ ನಡುವಿಗೆ ನೇರವಾಗಿರಲಿ, ಕ್ಯಾಮೆರಾದ ಹಿಂಬದಿ ಗೋಡೆಗೆ ಸಮಾನಾಂತರವಾಗಿರಲಿ. ಇಲ್ಲದಿದ್ದರೆ ಆಯತವಾದ ಥಂಕಾ ಒಂದು ಕಡೆ ಸೊಟ್ಟಗಾಗುತ್ತದೆ. 50ರಿಂದ 100 ಮಿ.ಮೀ. ಲೆನ್ಸ್ ಅನುಕೂಲ, ಮೊಬೈಲಿನ ಅಗಲ ಲೆನ್ಸ್ ಅಂಚುಗಳನ್ನು ಬಾಗಿಸುತ್ತದೆ. ಒಂದೇ ಬಗೆಯ ಎರಡು ದೀಪಗಳನ್ನು ಎರಡೂ ಕಡೆ 45 ಡಿಗ್ರಿ ಕೋನದಲ್ಲಿ ಸಮ ದೂರದಲ್ಲಿಟ್ಟು, ಕೋಣೆಯ ಉಳಿದ ಬೆಳಕನ್ನು ಆರಿಸಿ. ಮೊದಲ ಚಿತ್ರದಲ್ಲಿ ಬಣ್ಣದ ಮಾದರಿ ಪಟ್ಟಿ ಇಟ್ಟುಕೊಂಡರೆ ಮುದ್ರಣದಲ್ಲಿ ನೀಲಿ, ಹಸಿರು ಕೈಕೊಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಚಿನ್ನ ಮಾತ್ರ ಮಂಕಾದ ಕಂದಾಗಿ ಕಂಡು ನಿರಾಸೆಯಾಗುತ್ತದೆ. ಎರಡೂ ಕಡೆಯಿಂದ ಸಮನಾಗಿ ಬಿದ್ದ ಬೆಳಕು ಚಿನ್ನದಿಂದ ಲೆನ್ಸಿನ ಕಡೆಗೆ ಮರಳುವುದಿಲ್ಲ. ಹಾಗಾಗಿ ಕ್ಯಾಮೆರಾ ಅಲುಗಿಸದೆ ಇನ್ನೊಂದು ಚಿತ್ರ ತೆಗೆಯಿರಿ. ಆಗ ಒಂದು ದೀಪ ಆರಿಸಿ, ಇನ್ನೊಂದನ್ನು ಮೇಲಿನಿಂದ ಓರೆಯಾಗಿ ತಂದು ಚಿನ್ನದ ಗೆರೆಗಳು ಮಿನುಗುವವರೆಗೆ ಸರಿಸಿ. ಮೊದಲನೆಯದು ಬಣ್ಣದ ದಾಖಲೆ, ಎರಡನೆಯದು ಬೆಣ್ಣೆ ದೀಪದ ಮುಂದೆ ಕುಳಿತ ಭಕ್ತರು ಕಾಣುವ ಥಂಕಾ. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ. ಹಳೆಯ ಥಂಕಾಗಳನ್ನು ನೀವೇ ಎತ್ತಿ ತಿರುಗಿಸಬೇಡಿ. ಸುರುಳಿ ಸುತ್ತಿಟ್ಟಿದ್ದರಿಂದ ಬಣ್ಣದ ಪದರ ಬಿರುಕು ಬಿಟ್ಟಿರುತ್ತದೆ, ಹಿಡಿಯುವ ಕೆಲಸ ಅದರ ಒಡೆಯರದ್ದೇ ಇರಲಿ.

ಅಚ್ಚಿನ ವಿಷಯ: ಬದುಕಿರುವ ಕಲಾವಿದರ ಹೊಸ ಥಂಕಾಗೆ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ, ಹಕ್ಕು ಅವರ ಕಾಲಾನಂತರ 60 ವರ್ಷ ಉಳಿಯುತ್ತದೆ. ಥಂಕಾದ ಮೇಲೆ ಸಹಿ ಹಾಕುವ ಸಂಪ್ರದಾಯ ಇಲ್ಲದ ಮಾತ್ರಕ್ಕೆ ಅದು ಯಾರದ್ದೂ ಅಲ್ಲವೆಂದು ಭಾವಿಸಕೂಡದು. ಲಿಖಿತ ಒಪ್ಪಿಗೆ ಪಡೆದು, ಅವರು ಬಯಸಿದರೆ ಹೆಸರು ಹಾಕಿ, ಕೈಪಿಡಿಗೆ ಬೆಲೆ ಇಡುವುದಾದರೆ ಗೌರವಧನ ಕೊಡಿ. ಕೈಪಿಡಿಯ ಹಾಳೆ ನೆಲದ ಮೇಲೆ ಬೀಳುವ, ಕಾಲಿಗೆ ತಾಗುವ ಸಂಗತಿ ಅವರ ಮನಸ್ಸಿಗೆ ನೋವುಂಟುಮಾಡಬಲ್ಲದು. ಆದ್ದರಿಂದ ದೇವತೆಯ ಚಿತ್ರವನ್ನು ಎಲ್ಲಿ, ಹೇಗೆ ಬಳಸುತ್ತೀರಿ ಎಂಬುದನ್ನೂ ಮೊದಲೇ ವಿವರಿಸಿ.

ಪ್ರಶ್ನೆ: ಮರಳಿನ ಮಂಡಲ ಮತ್ತು ಕಾರ್ಪೆಟ್ ನೇಯ್ಗೆಯ ಬಗ್ಗೆಯೂ ತಿಳಿಸಿ.

ಉತ್ತರ: ಮಂಡಲವನ್ನು, ಅಂದರೆ ಪೂಜೆಗಾಗಿ ಬಣ್ಣದ ಮರಳಿನಲ್ಲಿ ಬಿಡಿಸುವ ಚಿತ್ರವನ್ನು, ನಡುವಿನಿಂದ ಹೊರಕ್ಕೆ ಕಟ್ಟುತ್ತಾರೆ. ಮೈಮೇಲೆ ಗೀರುಗಳಿರುವ ಸಣ್ಣ ಲೋಹದ ಕೊಳವೆಯನ್ನು ಇನ್ನೊಂದು ಕಡ್ಡಿಯಿಂದ ತೀಡಿದಾಗ ಆ ಕಂಪನಕ್ಕೆ ಬಣ್ಣದ ಮರಳು ಕಾಳುಕಾಳಾಗಿ ಇಳಿಯುತ್ತದೆ. ಹತ್ತಿರ ಬಾಗಿದರೆ ಉಸಿರಿಗೇ ಮರಳು ಚದುರಬಹುದು, ಹೆಗಲಿನ ಕ್ಯಾಮೆರಾ ಪಟ್ಟಿ ತೂಗಿ ಬಿದ್ದರಂತೂ ಹಲವು ದಿನಗಳ ಕೆಲಸ ಹಾಳು. ಪಟ್ಟಿಯನ್ನು ಬಿಚ್ಚಿಟ್ಟು, ದೂರದಿಂದ ಮ್ಯಾಕ್ರೊ ಅಥವಾ ಟೆಲಿ ಲೆನ್ಸಿನಲ್ಲಿ ತೆಗೆಯಿರಿ. ಪೂಜೆ ಮುಗಿದ ಮೇಲೆ ಮಂಡಲವನ್ನು ಗುಡಿಸಿ ಮರಳನ್ನು ನೀರಿಗೆ ಬಿಡುತ್ತಾರೆ, ಆ ಹೊತ್ತಿಗೆ ಅನೇಕ ಛಾಯಾಗ್ರಾಹಕರು ಊರಿಗೆ ಹಿಂತಿರುಗಿರುತ್ತಾರೆ. ನೀವು ಕಾದಿರಿ.

ಕಾರ್ಪೆಟ್ ನೇಯುವವರು ಉಣ್ಣೆಯನ್ನು ಒಂದು ಕಬ್ಬಿಣದ ಸರಳಿನ ಸುತ್ತ ಕುಣಿಕೆ ಹಾಕುತ್ತ ಹೋಗಿ, ಸಾಲು ಮುಗಿದ ಮೇಲೆ ಸರಳಿನ ಮೇಲೆಯೇ ಚಾಕು ಎಳೆದು ಕುಣಿಕೆಗಳನ್ನು ಕತ್ತರಿಸುತ್ತಾರೆ. ಇದು ಟಿಬೆಟನ್ ನೇಯ್ಗೆಯ ವಿಶೇಷ. ಚಾಕು ಹಾಯುವ ಆ ಗಳಿಗೆಯೂ, ನೇಯುತ್ತಲೇ ಹಾಡಿಕೊಳ್ಳುವ ಹೆಂಗಸರ ಮುಖವೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ಅದಕ್ಕಿಂತ ಹೆಚ್ಚಿನದನ್ನು ಬಯಸಬೇಕಿಲ್ಲ. ಹಿಂದೆ ಇಂಥ ಕರಕುಶಲ ಕೇಂದ್ರಗಳಲ್ಲಿ ಹೆಚ್ಚು ಜನ ಕೆಲಸ ಮಾಡುತ್ತಿದ್ದರು, ಈಗ ಹೊಸಬರು ಕಡಿಮೆ. ದಾಖಲಿಸುವವರು ತಡಮಾಡಬಾರದು.

ಪ್ರಶ್ನೆ: ಮಾರ್ಚ್ 10ರಂದು ಮುಂಡಗೋಡದಲ್ಲಿ ನಡೆದ ಮೆರವಣಿಗೆಯ ಚಿತ್ರಗಳನ್ನು ತೆಗೆದೆ. ನಡುವಯಸ್ಸಿನ ಒಬ್ಬರು ಬಂದು, ತಮ್ಮ ಮುಖವನ್ನು ಇಂಟರ್‌ನೆಟ್ಟಿಗೆ ಹಾಕಬೇಡಿ ಎಂದು ಕೇಳಿಕೊಂಡರು. ಸಾರ್ವಜನಿಕ ರಸ್ತೆಯಲ್ಲಿ ತೆಗೆದ ಚಿತ್ರಕ್ಕೆ ಇಂಥ ಆಕ್ಷೇಪ ಸರಿಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸರಿಯೇ, ಮತ್ತು ನೀವು ಅವರ ಮಾತನ್ನು ಅಕ್ಷರಶಃ ಪಾಲಿಸಲೇಬೇಕು. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ಬೀದಿಗಿಳಿದದ್ದನ್ನು ನೆನೆದು ಪ್ರತಿವರ್ಷ ಎಲ್ಲ ವಸಾಹತುಗಳಲ್ಲೂ ಸಭೆ, ಮೆರವಣಿಗೆ ನಡೆಯುತ್ತವೆ. ಅಲ್ಲಿ ನಡೆಯುವವರಲ್ಲಿ ಹಲವರ ತಾಯಿತಂದೆ, ಒಡಹುಟ್ಟಿದವರು ಇಂದಿಗೂ ಟಿಬೆಟ್‌ನಲ್ಲಿದ್ದಾರೆ. ಇಲ್ಲಿ ಧ್ವಜ ಹಿಡಿದವರ ಮುಖ ಅಲ್ಲಿನ ಅಧಿಕಾರಿಗಳ ಕಣ್ಣಿಗೆ ಬಿದ್ದರೆ, ಅದರ ಪರಿಣಾಮವನ್ನು ಅನುಭವಿಸುವವರು ಅಲ್ಲಿರುವ ಮನೆಯವರು. ಹೊರದೇಶದ ಬಂಧುಗಳೊಡನೆ ಫೋನಿನಲ್ಲಿ ಮಾತನಾಡಿದ್ದಕ್ಕೂ ವಿಚಾರಣೆ ಎದುರಿಸಿದವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ರಸ್ತೆಯಲ್ಲಿ ಚಿತ್ರ ತೆಗೆಯುವ ಹಕ್ಕು ನಮ್ಮ ಕಾನೂನಿನಲ್ಲಿ ಇರಬಹುದು. ಆದರೆ ಆ ಹಕ್ಕನ್ನು ನಾವು ಬಳಸಿದ್ದಕ್ಕೆ ಬೇರೊಂದು ದೇಶದಲ್ಲಿ, ನಾವು ಎಂದೂ ನೋಡದ ಒಬ್ಬ ವೃದ್ಧೆ ಉತ್ತರ ಕೊಡಬೇಕಾದೀತು ಎಂಬುದನ್ನು ಮರೆಯಬಾರದು. ಛಾಯಾಗ್ರಹಣದಲ್ಲಿ ನನಗೆ ಇದಕ್ಕಿಂತ ದೊಡ್ಡ ನಿಯಮ ಯಾವುದೂ ಗೊತ್ತಿಲ್ಲ.

ಕಾರ್ಯರೂಪದಲ್ಲಿ ಹೀಗೆ ಮಾಡಿ. ಮೆರವಣಿಗೆಯನ್ನು ಹಿಂದಿನಿಂದ, ಎತ್ತರದಿಂದ, ಧ್ವಜಗಳ ಮರೆಯಿಂದ ತೆಗೆಯಿರಿ, ನಡೆಯುವ ಪಾದಗಳನ್ನೂ ಮೇಣದ ಬತ್ತಿ ಹಿಡಿದ ಕೈಗಳನ್ನೂ ತೆಗೆಯಿರಿ. ಸಭೆಯ ವೇದಿಕೆಯಲ್ಲಿ ಮಾತನಾಡುವ ಪದಾಧಿಕಾರಿಗಳ ಮುಖ ತೋರಿಸಲು ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಉಳಿದವರಲ್ಲಿ ಯಾರ ಮುಖವಾದರೂ ಬೇಕೆನಿಸಿದರೆ, ‘ಇದು ಇಂಟರ್‌ನೆಟ್ಟಿಗೂ ಹೋಗಬಹುದು, ನಿಮ್ಮ ಕಡೆಯವರು ಅಲ್ಲಿದ್ದಾರೆಯೇ’ ಎಂದು ಕೇಳಿಯೇ ಮುಂದುವರಿಯಿರಿ. ಮುಖವನ್ನು ಮಸುಕು ಮಾಡಿ ಹಾಕುವುದಕ್ಕಿಂತ ಹಾಕದಿರುವುದು ಲೇಸು, ಏಕೆಂದರೆ ಉಡುಪು, ಕೈಗಡಿಯಾರ, ಪಕ್ಕದಲ್ಲಿ ನಿಂತವರಿಂದಲೂ ಗುರುತು ಹತ್ತುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಆರಿಸಿಟ್ಟು ತೆಗೆಯಿರಿ, ಕಳುಹಿಸುವ ಮೊದಲು ಫೈಲಿನೊಳಗಿನ ಸ್ಥಳ, ಸಮಯದ ಮಾಹಿತಿಯನ್ನು ಅಳಿಸಿ. ಇತ್ತೀಚೆಗೆ ಟಿಬೆಟ್‌ನಿಂದ ಬಂದವರ ವಿಷಯದಲ್ಲಿ, ಮೆರವಣಿಗೆ ಇರಲಿ ಬಿಡಲಿ, ಮನೆಯೊಳಗಿನ ಸಾಮಾನ್ಯ ಚಿತ್ರಕ್ಕೂ ಇದೇ ಎಚ್ಚರ ಬೇಕು. ನಿಮ್ಮನ್ನು ಕೇಳಿಕೊಂಡ ಆ ವ್ಯಕ್ತಿಯ ಚಿತ್ರವನ್ನು ಫೋನಿನಿಂದಲೂ ಅದರ ಬ್ಯಾಕಪ್ಪಿನಿಂದಲೂ ತೆಗೆದುಹಾಕಿ, ಸಾಧ್ಯವಾದರೆ ಹಾಗೆ ಮಾಡಿದ್ದೇನೆಂದು ಅವರಿಗೆ ತಿಳಿಸಿ.

ಪ್ರಶ್ನೆ: ಪುಟ್ಟ ಭಿಕ್ಷುಗಳ ಚಿತ್ರ ತೆಗೆಯಲು ಆಸೆ. ಅವರು ತಾವಾಗಿಯೇ ಕ್ಯಾಮೆರಾ ಮುಂದೆ ಬಂದು ನಿಲ್ಲುತ್ತಾರೆ. ಇದರಲ್ಲಿ ತಪ್ಪೇನಿದೆ?

ಉತ್ತರ: ಮಗು ನಗುತ್ತ ಬಂದು ನಿಂತದ್ದು ಒಪ್ಪಿಗೆಯಲ್ಲ. ಅವರ ಪಾಲಕರ ಜವಾಬ್ದಾರಿ ಹೊತ್ತಿರುವುದು ಮಠ, ಆದ್ದರಿಂದ ಹಿರಿಯ ಭಿಕ್ಷುವನ್ನೋ ಅವರ ಶಿಕ್ಷಕರನ್ನೋ ಕೇಳಿ. ಪ್ರಕಟಿಸುವಾಗ ಮಗುವಿನ ಹೆಸರು, ತರಗತಿ ಹಾಕಬೇಡಿ. ಮಲಗುವ ಕೋಣೆ, ಸ್ನಾನದ ನಲ್ಲಿಗಳ ಬಳಿ ಕ್ಯಾಮೆರಾ ಎತ್ತಲೇಬಾರದು. ಚಾಕೊಲೇಟು, ಹಣ ಕೊಟ್ಟು ನಿಲ್ಲಿಸುವುದೂ ಬೇಡ, ಮುಂದೆ ಬರುವ ಪ್ರವಾಸಿಗರೆಲ್ಲರ ಹತ್ತಿರ ಮಕ್ಕಳು ಕೈಚಾಚುವಂತಾಗುತ್ತದೆ.

ಪ್ರಶ್ನೆ: ಲೋಸರ್ ಸಮಯದಲ್ಲಿ ನಡೆಯುವ ಮುಖವಾಡದ ನೃತ್ಯವನ್ನು ಎಲ್ಲಿ ನಿಂತು, ಯಾವ ವೇಗದಲ್ಲಿ ತೆಗೆಯಬೇಕು?

ಉತ್ತರ: ಲೋಸರ್‌ಗೆ ಮುಂಚಿನ ದಿನಗಳಲ್ಲಿ ಮಠಗಳಲ್ಲಿ ನಡೆಯುವ ಛಾಮ್ ಒಂದು ಪೂಜೆ, ಕುಣಿಯುವವರೆಲ್ಲ ಭಿಕ್ಷುಗಳು. ಅಂಗಳದಲ್ಲಿ ಬರೆದ ವೃತ್ತದ ಗೆರೆಯೊಳಗೆ ಕಾಲಿಡಬೇಡಿ, ಹಿಂದೆ ಕುಳಿತ ಅಜ್ಜ-ಅಜ್ಜಿಯರಿಗೆ ಅಡ್ಡ ನಿಲ್ಲಬೇಡಿ. ನರ್ತಕರು ಬಲು ನಿಧಾನವಾಗಿ ಹೆಜ್ಜೆ ಇಟ್ಟು, ತಾಳಕ್ಕೆ ಒಂದೇ ಸಲ ಸುತ್ತುತ್ತಾರೆ. ಸುತ್ತುವಾಗ 1/15ರಿಂದ 1/30ರ ವೇಗ ಇಟ್ಟರೆ ಜರಿಯ ನಿಲುವಂಗಿ ಬಣ್ಣದ ಚಕ್ರವಾಗುತ್ತದೆ, ಒಂದು ಕಾಲ ಮೇಲೆ ನಿಂತ ಗಳಿಗೆಯಲ್ಲಿ 1/500 ಇಟ್ಟರೆ ಮುಖವಾಡದ ಬಿರುಕೂ ಕಾಣುತ್ತದೆ. ಉದ್ದನೆಯ ಕಹಳೆ ಊದುವವರ ಉಬ್ಬಿದ ಕೆನ್ನೆ, ಮುಖವಾಡ ತೆಗೆದು ಬೆವರು ಒರೆಸಿಕೊಳ್ಳುವ ನರ್ತಕರು, ಪಟ್ಟೆಪಟ್ಟೆಯ ‘ಪಂಗ್‌ದೆನ್’ ಎಂಬ ಏಪ್ರನ್ ಉಟ್ಟು ಬಿಸಿಲಿಗೆ ಕೊಡೆ ಹಿಡಿದ ಹೆಂಗಸರ ಸಾಲು, ಇವನ್ನೂ ಬಿಡಬೇಡಿ. ನಡೆದಾಡುವಾಗ ಮಂದಿರ, ಸ್ತೂಪಗಳನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಾಗಿಯೇ ಸುತ್ತಿ. ಜಪ ಮಾಡುತ್ತ ಬರುವವರ ಎದುರಿಗೆ ನಡೆದು ಕ್ಯಾಮೆರಾ ಹಿಡಿಯುವುದು ಸಲ್ಲದು.

ಪ್ರಶ್ನೆ: ನಾನು ಕುಶಾಲನಗರದವನು, ಚಿಕ್ಕಂದಿನಿಂದ ಟಿಬೆಟನ್ ಸ್ನೇಹಿತರೊಡನೆ ಬೆಳೆದವನು. ಪ್ರದರ್ಶನಕ್ಕೆ ಚಿತ್ರಗಳನ್ನು ಸಿದ್ಧಪಡಿಸಿದ್ದೇನೆ. ಅಡಿಬರಹ ಬರೆಯುವಾಗ ಏನನ್ನು ಗಮನಿಸಬೇಕು? ಚಿತ್ರದಲ್ಲಿ ಇರುವವರಿಗೆ ಹಣ ಕೊಡಬೇಕೇ?

ಉತ್ತರ: ನಿಮಗಿರುವ ಅನುಕೂಲ ಹೊರಗಿನಿಂದ ಬಂದವರಿಗೆ ಇಲ್ಲ. ಅವರು ಚೌಕಟ್ಟಿನಿಂದ ಕತ್ತರಿಸಿಹಾಕುವ ಕನ್ನಡದ ಅಂಗಡಿ ಫಲಕ, ಆಟೊ ಚಾಲಕ, ಮಠದ ಅಡುಗೆಮನೆಗೆ ತರಕಾರಿ ಇಳಿಸುವ ರೈತ, ಇವರೆಲ್ಲ ನಿಮ್ಮ ಚಿತ್ರಗಳಲ್ಲಿ ಇರಲಿ. ಆರು ದಶಕಗಳಿಂದ ಎರಡು ಸಮುದಾಯಗಳು ಒಂದೇ ಸಂತೆಯಲ್ಲಿ ಕೊಂಡು ಮಾರಿ ಬದುಕಿರುವುದೇ ಬೈಲಕುಪ್ಪೆಯ ನಿಜವಾದ ಚಿತ್ರ. ಅದರಲ್ಲಿ ಆಗಾಗ ಇರುವ ಮನಸ್ತಾಪಗಳನ್ನೂ ಮುಚ್ಚಿಡಬೇಕಿಲ್ಲ.

ಅಡಿಬರಹದಲ್ಲಿ ಎಲ್ಲರನ್ನೂ ‘ಟಿಬೆಟ್‌ನಿಂದ ಬಂದವರು’ ಎಂದು ಬರೆಯಬೇಡಿ. ಕ್ಯಾಂಪಿನಲ್ಲಿ ಇಂದು ಕಾಣುವ ಹೆಚ್ಚಿನವರು ಹುಟ್ಟಿದ್ದೇ ಭಾರತದಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಜನ್ಮದಿಂದಲೇ ಭಾರತೀಯ ಪೌರರು. ಕೆಲವರು ಆ ಹಕ್ಕನ್ನು ಪಡೆದಿದ್ದಾರೆ, ಇನ್ನು ಕೆಲವರು ಭಾರತದಲ್ಲಿ ವಾಸಿಸಲು ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪ್ರಮಾಣಪತ್ರವನ್ನೇ ಉಳಿಸಿಕೊಂಡು ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಾರೆ. ಯಾರ ಸ್ಥಿತಿ ಏನೆಂದು ಊಹಿಸದೆ, ಅವರು ಹೇಳಿಕೊಳ್ಳಲು ಬಯಸಿದಷ್ಟನ್ನೇ ಬರೆಯಿರಿ. ಊರು, ಕ್ಯಾಂಪು, ಮಾಡುತ್ತಿರುವ ಕೆಲಸ, ವರ್ಷ, ಇಷ್ಟು ಸಾಕಾಗುತ್ತದೆ. ಅಡಿಬರಹವನ್ನು ಕನ್ನಡದ ಜೊತೆ ಟಿಬೆಟನ್ ಲಿಪಿಯಲ್ಲಿಯೂ ಹಾಕಿಸಿದರೆ ಅವರ ಮನೆಯ ಹಿರಿಯರೂ ಓದಬಲ್ಲರು. ಶಾಲೆಯ ಟಿಬೆಟನ್ ಶಿಕ್ಷಕರು ಈ ಕೆಲಸಕ್ಕೆ ನೆರವಾಗಬಹುದು, ಅದಕ್ಕೆ ಸಂಭಾವನೆ ಕೊಡಿ.

ಚಿತ್ರಕ್ಕೆ ನಿಂತವರಿಗೆ ಹಣ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆದರೆ ಒಬ್ಬ ಕಲಾವಿದರ ಅರ್ಧ ದಿನದ ಕೆಲಸ ನಿಮ್ಮಿಂದ ನಿಂತಿದ್ದರೆ ಆ ಸಮಯದ ಬೆಲೆ ಕೊಡುವುದು ನ್ಯಾಯ. ಎಲ್ಲರಿಗೂ ಕೊಡಬೇಕಾದದ್ದು ಚಿತ್ರದ ಕಾಗದದ ಪ್ರತಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಕೈತೊಳೆದುಕೊಳ್ಳದೆ, ಒಳ್ಳೆಯ ಮ್ಯಾಟ್ ಕಾಗದದಲ್ಲಿ ಅಚ್ಚು ಹಾಕಿಸಿ, ಹಿಂದೆ ದಿನಾಂಕ ಬರೆದು ನೀವೇ ಮನೆಗೆ ತಲುಪಿಸಿ. ಪ್ರದರ್ಶನವನ್ನು ಬೆಂಗಳೂರಿಗೆ ಒಯ್ಯುವ ಮುಂಚೆ ಕ್ಯಾಂಪಿನ ಸಭಾಭವನದಲ್ಲೇ ಒಂದು ದಿನ ತೂಗುಹಾಕಿ. ಯಾರಾದರೂ ಬಂದು ತಮ್ಮ ಚಿತ್ರ ಬೇಡವೆಂದರೆ ಅದನ್ನು ಅಲ್ಲಿಯೇ ಇಳಿಸಿಬಿಡಿ, ಉಳಿದವುಗಳ ಅಡಿಬರಹದಲ್ಲಿ ಅವರು ತೋರಿಸಿದ ತಪ್ಪುಗಳನ್ನು ತಿದ್ದಿಕೊಂಡು ಆಮೇಲೆ ಮುದ್ರಣಕ್ಕೆ ಕಳುಹಿಸಿ.